ನಾಳರಕ್ಷಣೆಯ ಔಷಧಗಳು: ಮಧುಮೇಹ ಚಿಕಿತ್ಸೆಯ ಚರಿತ್ರೆಯಲ್ಲೊಂದು ಅಧ್ಯಾಯ

ಮಧುಮೇಹವು ಸಕ್ಕರೆಯ ರೋಗವೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಆದರೆ ಅದರಿಂದ ನರಳುವವರು ಕಡೆಗೆ ಯಾವುದರಿಂದ ಕುಗ್ಗುತ್ತಾರೆ, ಯಾವುದರಿಂದ ಸಾಯುತ್ತಾರೆ ಎಂದು ವಿಚಾರಿಸಿದರೆ ಅದನ್ನು ರಕ್ತನಾಳಗಳ ರೋಗವೆಂದೇ ಕರೆಯಬೇಕಾಗುತ್ತದೆ. ಕಣ್ಣಿನ ಅಕ್ಷಿಪಟದಲ್ಲಿಯೂ ಮೂತ್ರಪಿಂಡದ ಸೋಸುವ ಭಾಗದಲ್ಲಿಯೂ ಇರುವ ಲೋಮನಾಳಗಳು ಕೆಟ್ಟರೆ ಕುರುಡುತನವೂ ಮೂತ್ರಪಿಂಡದ ವೈಫಲ್ಯವೂ ಒದಗುತ್ತವೆ. ಹೃದಯ, ಮೆದುಳು, ಕಾಲುಗಳಿಗೆ ರಕ್ತವನ್ನೊಯ್ಯುವ ದೊಡ್ಡ ಧಮನಿಗಳು ಕೆಟ್ಟರೆ ಹೃದಯಾಘಾತ, ಪಾರ್ಶ್ವವಾಯು, ಕಾಲಿನ ಕೊಳೆತ ಇವು ಬರುತ್ತವೆ. ಈ ಹಾನಿಯನ್ನು ಔಷಧದಿಂದ ತಡೆಯಬಹುದೇ ಎಂಬ ಪ್ರಶ್ನೆಗೆ ಕಳೆದ ನೂರು ವರ್ಷಗಳಲ್ಲಿ ದೊರೆತ ಉತ್ತರಗಳನ್ನು ಕಾಲಾನುಕ್ರಮವಾಗಿ ಅವಲೋಕಿಸುವುದು ಪ್ರಕೃತ ಲೇಖನದ ಉದ್ದೇಶ. ಚಿಕಿತ್ಸಾಕ್ರಮವನ್ನು ಬೋಧಿಸುವುದು ವೈದ್ಯರಿಗೆ ಸೇರಿದ ಕೆಲಸ. ಅದನ್ನು ನಾವು ಇಲ್ಲಿ ಕೈಗೊಂಡಿಲ್ಲ. ರಕ್ತದಲ್ಲಿ ಅಳೆಯಬಹುದಾದ ಒಂದು ಅಂಕಿಯನ್ನು ಸರಿಪಡಿಸುವುದಕ್ಕೂ ನಾಳವನ್ನು ಕಾಪಾಡುವುದಕ್ಕೂ ಇರುವ ಅಂತರವನ್ನು ವೈದ್ಯಶಾಸ್ತ್ರವು ಯಾವ ಬೆಲೆ ತೆತ್ತು ಕಲಿತುಕೊಂಡಿತೆಂಬುದೇ ನಮಗೆ ಮುಖ್ಯವಾದ ವಿಚಾರ.

೧. ಇನ್ಸುಲಿನ್ ಮತ್ತು ಅದರ ತರುವಾಯ

೧೯೨೧ರ ಬೇಸಗೆಯಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ, ಪ್ರಾಧ್ಯಾಪಕ ಮ್ಯಾಕ್ಲಿಯಾಡ್ ಅವರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಮೇದೋಜೀರಕ ಗ್ರಂಥಿಯಿಂದ ತೆಗೆದ ಸಾರವು ನಾಯಿಗಳ ರಕ್ತದ ಸಕ್ಕರೆಯನ್ನು ಇಳಿಸುವುದೆಂದು ತೋರಿಸಿದರು. ೧೯೨೨ರ ಜನವರಿ ೧೧ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ೧೪ ವರ್ಷದ ಬಾಲಕನಿಗೆ ಅದರ ಮೊದಲ ಚುಚ್ಚುಮದ್ದನ್ನು ಕೊಟ್ಟಾಗ ಹೇಳಿಕೊಳ್ಳುವಂಥ ಫಲವೇನೂ ಕಾಣಲಿಲ್ಲ. ಜೇಮ್ಸ್ ಕಾಲಿಪ್ ಶುದ್ಧಿಗೊಳಿಸಿದ ಸಾರವನ್ನು ಅದೇ ತಿಂಗಳ ೨೩ರಂದು ಕೊಟ್ಟಾಗ ಬಾಲಕನು ಚೇತರಿಸಿಕೊಂಡನು. ೧೯೨೩ರಲ್ಲಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಬ್ಯಾಂಟಿಂಗ್ ತಮ್ಮ ಪಾಲಿನ ಹಣವನ್ನು ಬೆಸ್ಟ್ ಅವರೊಡನೆಯೂ, ಮ್ಯಾಕ್ಲಿಯಾಡ್ ತಮ್ಮ ಪಾಲನ್ನು ಕಾಲಿಪ್ ಅವರೊಡನೆಯೂ ಹಂಚಿಕೊಂಡರು.

ಇನ್ಸುಲಿನ್ನಿಗೆ ಮುಂಚೆ ಮಧುಮೇಹಿ ಬಾಲಕರು ಕೆಲವೇ ತಿಂಗಳುಗಳಲ್ಲಿ ಪ್ರಜ್ಞೆ ತಪ್ಪಿ ಸಾಯುತ್ತಿದ್ದರು. ಅನಂತರ ಅವರು ಬದುಕಿದರು, ಬೆಳೆದರು, ಸಂಸಾರವಂತರಾದರು. ಆದರೆ ಹದಿನೈದು ಇಪ್ಪತ್ತು ವರ್ಷಗಳು ಕಳೆಯುವಷ್ಟರಲ್ಲಿ ಅವರಲ್ಲಿ ಅನೇಕರ ಕಣ್ಣು ಮಂಜಾಗತೊಡಗಿತು; ಮೂತ್ರದಲ್ಲಿ ಪ್ರೋಟೀನು ಸೋರತೊಡಗಿತು. ೧೯೩೬ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ಮಧುಮೇಹಿಗಳ ಮೂತ್ರಪಿಂಡಗಳಲ್ಲಿ ವಿಶಿಷ್ಟವಾದ ಗಂಟುಗಳನ್ನು ಗುರುತಿಸಿ ವರ್ಣಿಸಿದರು. ಅಲ್ಪಾಯುಷ್ಯದ ರೋಗವೊಂದನ್ನು ಇನ್ಸುಲಿನ್ ದೀರ್ಘಾಯುಷ್ಯದ ರೋಗವನ್ನಾಗಿ ಮಾರ್ಪಡಿಸಿತ್ತು. ಆ ದೈರ್ಘ್ಯದಲ್ಲಿ ನಾಳಗಳ ಕೇಡು ಬೆಳಕಿಗೆ ಬಂದಿತು.

ಈ ಕೇಡಿಗೆ ಕಾರಣವೇನು? ವೈದ್ಯರಲ್ಲಿ ಎರಡು ಪಕ್ಷಗಳಾದವು. ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್ ಸಕ್ಕರೆಯನ್ನು ಬಿಗಿಯಾದ ಹತೋಟಿಯಲ್ಲಿಡುವುದೇ ನಾಳಗಳಿಗೆ ರಕ್ಷೆಯೆಂದು ಜೀವಮಾನವೆಲ್ಲ ಸಾರಿದರು. ನ್ಯೂಯಾರ್ಕಿನ ಎಡ್ವರ್ಡ್ ಟಾಲ್ಸ್‌ಟಾಯ್ ಮೊದಲಾದವರು, ರೋಗಿಯು ಆರಾಮವಾಗಿದ್ದು ತೂಕ ಕಳೆದುಕೊಳ್ಳದಿದ್ದರೆ ಸಾಕು, ಮೂತ್ರದಲ್ಲಿ ಸಕ್ಕರೆ ಕಂಡಿತೆಂದು ಅವನ ಊಟವನ್ನು ಕಟ್ಟಿಹಾಕಬೇಕಾಗಿಲ್ಲವೆಂದು ವಾದಿಸಿದರು. ಸಕ್ಕರೆಯೂ ನಾಳದ ಕೇಡೂ ಒಂದೇ ಬೇರಿನ ಎರಡು ಕೊಂಬೆಗಳು, ಒಂದನ್ನು ಕಡಿದರೆ ಇನ್ನೊಂದು ಒಣಗುವುದಿಲ್ಲ ಎಂಬುದು ಈ ಎರಡನೆಯ ಪಕ್ಷದ ಬಲವಾದ ವಾದವಾಗಿತ್ತು. ಇಬ್ಬರಲ್ಲಿಯೂ ಅನುಭವವಿತ್ತು, ಇಬ್ಬರಲ್ಲಿಯೂ ನಿರ್ಣಾಯಕವಾದ ಪ್ರಮಾಣವಿರಲಿಲ್ಲ. ಎಚ್ಚರದಿಂದ ಚಿಕಿತ್ಸೆ ಪಡೆಯುವ ರೋಗಿಯು ಬೇರೆ ವಿಷಯಗಳಲ್ಲಿಯೂ ಎಚ್ಚರದವನೇ ಆಗಿರುವುದರಿಂದ, ಅವನ ಕಣ್ಣು ಉಳಿದದ್ದು ಚಿಕಿತ್ಸೆಯಿಂದಲೋ ಅವನ ಜೀವನಕ್ರಮದಿಂದಲೋ ಎಂಬುದನ್ನು ಬರಿಯ ಅವಲೋಕನದಿಂದ ನಿಶ್ಚಯಿಸುವುದು ಸಾಧ್ಯವಿರಲಿಲ್ಲ.

೨. ಗುಳಿಗೆಗಳ ಆಗಮನ

೧೯೪೨ರಲ್ಲಿ ಫ್ರಾನ್ಸಿನ ಮಾಂಟ್‌ಪೆಲಿಯೆಯಲ್ಲಿ ಮಾರ್ಸೆಲ್ ಜಾಂಬೊಂ ವಿಷಮಶೀತ ಜ್ವರದ ರೋಗಿಗಳಿಗೆ ಒಂದು ಹೊಸ ಗಂಧಕಯುಕ್ತ ಔಷಧವನ್ನು ಕೊಡುತ್ತಿರಲು, ಕೆಲವರಲ್ಲಿ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿದುದು ಕಂಡುಬಂದಿತು. ಅವರ ಸಹೋದ್ಯೋಗಿ ಆಗಸ್ಟ್ ಲೂಬಾತಿಯೇರ್, ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದ ಪ್ರಾಣಿಗಳಲ್ಲಿ ಈ ಪರಿಣಾಮ ಕಾಣದೆಂದು ತೋರಿಸಿ, ಔಷಧವು ಆ ಗ್ರಂಥಿಯಿಂದ ಇನ್ಸುಲಿನ್ನನ್ನು ಹೊರಡಿಸುವುದರ ಮೂಲಕ ಕೆಲಸ ಮಾಡುವುದೆಂದು ಸ್ಥಾಪಿಸಿದರು. ಇದರ ವಂಶದಲ್ಲಿ ಹುಟ್ಟಿದ ಟಾಲ್‌ಬ್ಯುಟಮೈಡ್ ೧೯೫೬-೫೭ರ ವೇಳೆಗೆ ಜರ್ಮನಿ ಮತ್ತು ಅಮೆರಿಕಗಳಲ್ಲಿ ಬಳಕೆಗೆ ಬಂದಿತು.

ಇದೇ ಕಾಲಕ್ಕೆ ಇನ್ನೊಂದು ವಂಶವೂ ಬೆಳೆಯುತ್ತಿತ್ತು. ಯುರೋಪಿನ ಗೆಲೀಗಾ ಎಂಬ ಗಿಡದಲ್ಲಿರುವ ಗ್ವಾನಿಡೀನ್ ಸಂಬಂಧದ ವಸ್ತುಗಳು ಸಕ್ಕರೆಯನ್ನು ಇಳಿಸುವುದು ತಿಳಿದಿತ್ತು. ಡಬ್ಲಿನ್ನಿನಲ್ಲಿ ೧೯೨೨ರಲ್ಲಿಯೇ ಸಂಯೋಜಿಸಿ ಮರೆತುಬಿಟ್ಟಿದ್ದ ಮೆಟ್‌ಫಾರ್ಮಿನ್ ಎಂಬ ವಸ್ತುವನ್ನು ಫ್ರೆಂಚ್ ವೈದ್ಯ ಜಾನ್ ಸ್ಟರ್ನ್ ಮಧುಮೇಹಿಗಳಲ್ಲಿ ಪರೀಕ್ಷಿಸಿ ೧೯೫೭ರಲ್ಲಿ ವರದಿ ಮಾಡಿದರು. ಅದರ ಸೋದರಿಯೆನ್ನಬಹುದಾದ ಫೆನ್‌ಫಾರ್ಮಿನ್ ಹೆಚ್ಚು ಪ್ರಬಲವಾಗಿದ್ದುದರಿಂದ ಅಮೆರಿಕದಲ್ಲಿ ಅದಕ್ಕೇ ಮನ್ನಣೆ ಸಿಕ್ಕಿತು.

ಚುಚ್ಚುಮದ್ದಿನ ಕಷ್ಟವಿಲ್ಲದೆ ಗುಳಿಗೆಯೊಂದನ್ನು ನುಂಗಿ ಸಕ್ಕರೆಯನ್ನು ಇಳಿಸಿಕೊಳ್ಳಬಹುದೆಂಬುದು ರೋಗಿಗಳಿಗೂ ವೈದ್ಯರಿಗೂ ದೊಡ್ಡ ಸಮಾಧಾನವಾಗಿತ್ತು. ಸಕ್ಕರೆ ಇಳಿದ ಮೇಲೆ ನಾಳವೂ ಉಳಿದಂತೆಯೇ ಎಂದು ಎಲ್ಲರೂ ಊಹಿಸಿದರು. ಊಹೆಯು ಸಹಜವಾದುದು, ಪರೀಕ್ಷಿತವಾದುದಲ್ಲ.

೩. ೧೯೭೦ರ ವಿವಾದ

ಈ ಊಹೆಯನ್ನು ಮೊದಲು ಪರೀಕ್ಷೆಗೆ ಒಡ್ಡಿದವರು ಅಮೆರಿಕದ ೧೨ ವಿಶ್ವವಿದ್ಯಾನಿಲಯಗಳ ಚಿಕಿತ್ಸಾಲಯಗಳು ಸೇರಿ ನಡೆಸಿದ ಸಮೂಹ ಪರೀಕ್ಷೆಯ ವಿದ್ವಾಂಸರು. ೧೯೬೧ರಲ್ಲಿ ಆರಂಭವಾದ ಈ ಕಾರ್ಯದಲ್ಲಿ ಒಟ್ಟು ೧,೦೨೭ ರೋಗಿಗಳು ಸೇರಿದರು. ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಚೀಟಿ ಎತ್ತಿದಂತೆ ನಿಶ್ಚಯಿಸಲಾಯಿತು. ಒಂದು ಗುಂಪಿಗೆ ಟಾಲ್‌ಬ್ಯುಟಮೈಡ್, ಒಂದಕ್ಕೆ ಔಷಧಗುಣವಿಲ್ಲದ ಹುಸಿಗುಳಿಗೆ, ಎರಡು ಗುಂಪುಗಳಿಗೆ ಬೇರೆ ಬೇರೆ ಕ್ರಮದಲ್ಲಿ ಇನ್ಸುಲಿನ್, ತರುವಾಯ ಸೇರಿದ ಮತ್ತೊಂದಕ್ಕೆ ಫೆನ್‌ಫಾರ್ಮಿನ್ ಕೊಡಲಾಯಿತು. ಪಥ್ಯವು ಎಲ್ಲರಿಗೂ ಸಮಾನವಾಗಿತ್ತು. ಚಿಕಿತ್ಸೆಯು ನಾಳಗಳ ಕೇಡನ್ನು ತಡೆಯುವುದೇ ಎಂಬುದೇ ಅವರ ಪ್ರಶ್ನೆ.

ಬಂದ ಉತ್ತರವು ಯಾರೂ ನಿರೀಕ್ಷಿಸದಂಥದು. ಟಾಲ್‌ಬ್ಯುಟಮೈಡ್ ಪಡೆದ ೨೦೪ ಮಂದಿಯಲ್ಲಿ ೨೬ ಮಂದಿ ಹೃದಯ ಮತ್ತು ರಕ್ತನಾಳಗಳ ಕಾರಣದಿಂದ ಮರಣ ಹೊಂದಿದ್ದರು. ಹುಸಿಗುಳಿಗೆ ಪಡೆದ ೨೦೫ ಮಂದಿಯಲ್ಲಿ ೧೦ ಮಂದಿ. ನಾಳವನ್ನು ಕಾಯಬೇಕಾಗಿದ್ದ ಔಷಧವೇ ನಾಳಕ್ಕೆ ಕೇಡು ಮಾಡುತ್ತಿರಬಹುದೆಂಬ ಶಂಕೆ ಹುಟ್ಟಿತು. ಆ ಔಷಧವನ್ನು ನಿಲ್ಲಿಸಿ, ೧೯೭೦ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ವರದಿಯು ವೈದ್ಯರ ಕೈ ಸೇರುವ ಮೊದಲೇ ಸುದ್ದಿಯು ವೃತ್ತಪತ್ರಿಕೆಗಳಲ್ಲಿ ಬಂದುದರಿಂದ, ಗಾಬರಿಗೊಂಡ ರೋಗಿಗಳಿಗೆ ಉತ್ತರ ಹೇಳಬೇಕಾದ ವೈದ್ಯರಿಗೆ ಹೇಳಲು ಏನೂ ಇರಲಿಲ್ಲ.

ಆಕ್ಷೇಪಣೆಗಳು ಧಾರಾಳವಾಗಿ ಬಂದವು. ಗುಂಪುಗಳು ಆರಂಭದಲ್ಲಿ ಸಮಾನವಾಗಿರಲಿಲ್ಲ, ಟಾಲ್‌ಬ್ಯುಟಮೈಡ್ ಗುಂಪಿನಲ್ಲಿ ಹೃದ್ರೋಗಿಗಳು ಮೊದಲೇ ಹೆಚ್ಚಿದ್ದರು ಎಂದರು ಕೆಲವರು; ಎಲ್ಲರಿಗೂ ಒಂದೇ ಪ್ರಮಾಣದ ಔಷಧ ಕೊಟ್ಟದ್ದು ತಪ್ಪೆಂದರು ಇನ್ನು ಕೆಲವರು. ಸಂಖ್ಯಾಶಾಸ್ತ್ರಜ್ಞ ಜೆರೊಮ್ ಕಾರ್ನ್‌ಫೀಲ್ಡ್ ೧೯೭೧ರಲ್ಲಿ ಈ ಆಕ್ಷೇಪಣೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಆರಂಭದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಮರಣಗಳ ಅಂತರ ಉಳಿಯುವುದೆಂದು ತೋರಿಸಿದರು. ೧೯೭೫ರಲ್ಲಿ ಒಂದು ಸ್ವತಂತ್ರ ಸಂಖ್ಯಾಶಾಸ್ತ್ರೀಯ ಸಮಿತಿಯೂ ಶಂಕೆಗೆ ಆಧಾರವಿದೆಯೆಂದಿತು. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಔಷಧದ ಪತ್ರದಲ್ಲಿ ಎಚ್ಚರಿಕೆಯನ್ನು ಮುದ್ರಿಸಬೇಕೆನ್ನಲು, ಕೆಲವು ವೈದ್ಯರು ಸಮಿತಿಯೊಂದನ್ನು ರಚಿಸಿಕೊಂಡು ನ್ಯಾಯಾಲಯಕ್ಕೆ ಹೋದರು. ಪರೀಕ್ಷೆಯ ಮೂಲ ದಾಖಲೆಗಳನ್ನು ತಮಗೆ ಕೊಡಿಸಬೇಕೆಂಬ ಅವರ ಕೋರಿಕೆ ಅಮೆರಿಕದ ಪರಮೋಚ್ಚ ನ್ಯಾಯಾಲಯದವರೆಗೆ ಹೋಗಿ ೧೯೮೦ರಲ್ಲಿ ತಿರಸ್ಕೃತವಾಯಿತು. ಎಚ್ಚರಿಕೆಯ ಮಾತು ಅಚ್ಚಾದದ್ದು ೧೯೮೪ರಲ್ಲಿ. ಅಷ್ಟರಲ್ಲಿ ೧೪ ವರ್ಷಗಳು ಕಳೆದಿದ್ದವು.

ಫೆನ್‌ಫಾರ್ಮಿನ್ ಕಥೆ ಬೇರೆಯಾದುದು. ಅದೂ ಈ ಪರೀಕ್ಷೆಯಲ್ಲಿ ಶಂಕಿತವಾಗಿತ್ತು. ಮೇಲಾಗಿ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಮಾರಕವಾಗುವಷ್ಟು ಹೆಚ್ಚಿಸುವ ಅದರ ದೋಷ ನಿಶ್ಚಿತವಾದುದರಿಂದ ೧೯೭೭ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ತೆಗೆಯಲಾಯಿತು. ಭಾರತದಲ್ಲಿ ಅದು ನಿಷಿದ್ಧವಾದದ್ದು ೨೦೦೩ರಲ್ಲಿ.

ಟಾಲ್‌ಬ್ಯುಟಮೈಡ್ ವಂಶದ ಮೇಲಿನ ಆರೋಪವು ತರುವಾಯದ ಪರೀಕ್ಷೆಗಳಲ್ಲಿ ದೃಢಪಡಲಿಲ್ಲವೆಂಬುದನ್ನೂ ನ್ಯಾಯದೃಷ್ಟಿಯಿಂದ ಹೇಳಬೇಕು. ೨೦೧೯ರಲ್ಲಿ ಪ್ರಕಟವಾದ, ೬,೦೦೦ಕ್ಕೂ ಹೆಚ್ಚು ರೋಗಿಗಳ ಪರೀಕ್ಷೆಯಲ್ಲಿ ಅದೇ ವಂಶದ ಗ್ಲಿಮೆಪಿರೈಡ್ ಹೃದಯಕ್ಕೆ ಹೆಚ್ಚಿನ ಅಪಾಯ ತಂದುದು ಕಾಣಲಿಲ್ಲ. ಆದರೆ ೧೯೭೦ರ ಪರೀಕ್ಷೆಯ ನಿಜವಾದ ಪಾಠ ಬೇರೆಡೆ ಇದೆ. ಸಕ್ಕರೆಯನ್ನು ಸರಿಯಾಗಿ ಹತೋಟಿಯಲ್ಲಿಟ್ಟ ಇನ್ಸುಲಿನ್ ಗುಂಪು ಕೂಡ ನಾಳಗಳ ವಿಷಯದಲ್ಲಿ ಹುಸಿಗುಳಿಗೆಯ ಗುಂಪಿಗಿಂತ ಮೇಲಾಗಲಿಲ್ಲ. ಅಂಕಿ ಇಳಿದಿತ್ತು, ರಕ್ಷಣೆ ಸಿಕ್ಕಿರಲಿಲ್ಲ.

೪. ಹಾನಿಯ ಮಾರ್ಗದ ಶೋಧ

ವೈದ್ಯರು ಹೀಗೆ ವಾದಿಸುತ್ತಿದ್ದ ಕಾಲದಲ್ಲಿಯೇ ಜೀವರಸಾಯನಜ್ಞರು ಸಕ್ಕರೆಯು ನಾಳವನ್ನು ಕೆಡಿಸುವ ಬಗೆಯನ್ನು ಹುಡುಕುತ್ತಿದ್ದರು. ೧೯೫೯ರಲ್ಲಿ ಆಕ್ಸ್‌ಫರ್ಡಿನ ರೂತ್ ವಾನ್ ಹೈನಿಂಗನ್ ಮಧುಮೇಹಿ ಇಲಿಗಳ ಕಣ್ಣಿನ ಮಸೂರದಲ್ಲಿ ಸಾರ್ಬಿಟಾಲ್ ಎಂಬ ವಸ್ತು ಶೇಖರವಾಗುವುದನ್ನು ಕಂಡರು. ಹೆಚ್ಚಿದ ಗ್ಲೂಕೋಸನ್ನು ಒಂದು ಕಿಣ್ವವು ಸಾರ್ಬಿಟಾಲಾಗಿ ಮಾರ್ಪಡಿಸುತ್ತಿತ್ತು. ೧೯೬೮ರಲ್ಲಿ ಟೆಹರಾನಿನ ಸ್ಯಾಮ್ಯುಯೆಲ್ ರಹಬರ್ ಮಧುಮೇಹಿಗಳ ರಕ್ತದಲ್ಲಿ ಅಸಾಮಾನ್ಯವಾದ ಹಿಮೋಗ್ಲೋಬಿನ್ನನ್ನು ಗುರುತಿಸಿದರು. ಅದು ಸಕ್ಕರೆ ಅಂಟಿಕೊಂಡ ಹಿಮೋಗ್ಲೋಬಿನ್ನೆಂದೂ, ಅದರ ಪ್ರಮಾಣವು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುವುದೆಂದೂ ೧೯೭೬ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಆಂಥನಿ ಸೆರಾಮಿ ಮತ್ತು ಅವರ ಸಂಗಡಿಗರ ಕೆಲಸದಿಂದ ಸ್ಪಷ್ಟವಾಯಿತು. ಒಂದು ಗಳಿಗೆಯ ಸಕ್ಕರೆಯನ್ನಲ್ಲದೆ ದೀರ್ಘಕಾಲದ ಹತೋಟಿಯನ್ನು ಅಳೆಯುವ ಸಾಧನ ಇದರಿಂದ ಕೈಗೆ ಬಂದಿತು.

ನಾಳದ ಒಳಪದರದ ಜೀವಕೋಶಗಳಿಗೆ ಒಂದು ದೌರ್ಬಲ್ಯವಿದೆ. ಹೊರಗೆ ಗ್ಲೂಕೋಸ್ ಹೆಚ್ಚಿದಾಗ ದೇಹದ ಬಹಳಷ್ಟು ಜೀವಕೋಶಗಳು ತಮ್ಮೊಳಗೆ ಬರುವ ಗ್ಲೂಕೋಸನ್ನು ಮಿತಿಗೊಳಿಸಿಕೊಳ್ಳಬಲ್ಲವು. ಇವು ಆ ಕೆಲಸವನ್ನು ಸರಿಯಾಗಿ ಮಾಡಲಾರವು. ಒಳಗೆ ತುಂಬಿದ ಗ್ಲೂಕೋಸಿನಿಂದ ನಾಲ್ಕು ಬಗೆಯ ಕೆಡುಕಿನ ಕ್ರಿಯೆಗಳು ಹೊರಡುತ್ತವೆಂದೂ, ಆ ನಾಲ್ಕಕ್ಕೂ ಮೂಲದಲ್ಲಿ ಜೀವಕೋಶದ ಶಕ್ತ್ಯುತ್ಪಾದಕ ಕಣಗಳಿಂದ ಹೊಮ್ಮುವ ಉಗ್ರರೂಪದ ಆಮ್ಲಜನಕವೇ ಕಾರಣವೆಂದೂ ಮೈಕೇಲ್ ಬ್ರೌನ್ಲಿ ೨೦೦೧ರಲ್ಲಿ ಒಂದು ಸಮಗ್ರ ಸಿದ್ಧಾಂತವನ್ನು ಮಂಡಿಸಿದರು.

ಮಾರ್ಗ ತಿಳಿದ ಮೇಲೆ ಅದನ್ನು ಮುಚ್ಚುವುದು ಸುಲಭವೆಂದು ತೋರಬಹುದು. ಅನುಭವ ಹಾಗಾಗಲಿಲ್ಲ. ಸಾರ್ಬಿಟಾಲನ್ನು ಉಂಟುಮಾಡುವ ಕಿಣ್ವವನ್ನು ತಡೆಯುವ ಸಾರ್ಬಿನಿಲ್ ಎಂಬ ಔಷಧವು ಅಕ್ಷಿಪಟವನ್ನು ಗಮನಾರ್ಹವಾಗಿ ಕಾಪಾಡಲಿಲ್ಲವೆಂದು ೧೯೯೦ರ ವರದಿ ಹೇಳಿತು. ಸಕ್ಕರೆ ಅಂಟಿದ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಳ್ಳುವುದನ್ನು ಇಲಿಗಳಲ್ಲಿ ತಡೆದಿದ್ದ ಅಮಿನೊಗ್ವಾನಿಡೀನ್ ಮನುಷ್ಯರಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲ. ಇದೇ ಬಗೆಯ ಔಷಧಗಳಲ್ಲಿ ಎಪಾಲ್‌ರೆಸ್ಟಾಟ್ ಎಂಬುದೊಂದು ೧೯೯೨ರಲ್ಲಿ ಜಪಾನಿನಲ್ಲಿ ನರಗಳ ತೊಂದರೆಗಾಗಿ ಬಳಕೆಗೆ ಬಂದಿತು. ಮಿಕ್ಕವು ಪ್ರಯೋಗಶಾಲೆಯ ಹೊಸ್ತಿಲಲ್ಲಿಯೇ ನಿಂತವು.

೫. ಎರಡು ದೀರ್ಘ ಪರೀಕ್ಷೆಗಳು

ಜಾಸ್ಲಿನ್ ಪಕ್ಷಕ್ಕೂ ಟಾಲ್ಸ್‌ಟಾಯ್ ಪಕ್ಷಕ್ಕೂ ಇದ್ದ ಹಳೆಯ ಜಗಳವು ತೀರ್ಮಾನವಾದದ್ದು ೧೯೯೩ರಲ್ಲಿ. ಅಮೆರಿಕ ಮತ್ತು ಕೆನಡಾಗಳ ೨೯ ಕೇಂದ್ರಗಳಲ್ಲಿ, ಇನ್ಸುಲಿನ್ ಇಲ್ಲದೆ ಬದುಕಲಾರದ ಮೊದಲನೆಯ ಬಗೆಯ ೧,೪೪೧ ಮಧುಮೇಹಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಂದಿನ ವಾಡಿಕೆಯ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಬಿಗಿಯಾದ ಚಿಕಿತ್ಸೆಯನ್ನೂ ಸರಾಸರಿ ೬.೫ ವರ್ಷಗಳ ಕಾಲ ಕೊಡಲಾಯಿತು. ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಒಂದು ಗುಂಪಿನಲ್ಲಿ ಸುಮಾರು ಶೇಕಡ ೯, ಇನ್ನೊಂದರಲ್ಲಿ ಸುಮಾರು ಶೇಕಡ ೭ ಇತ್ತು. ಕಣ್ಣಿನ ಕೇಡು ಇನ್ನೂ ಆರಂಭವಾಗದವರಲ್ಲಿ ಅದು ಹುಟ್ಟುವ ಸಂಭವವು ಬಿಗಿ ಚಿಕಿತ್ಸೆಯಿಂದ ಶೇಕಡ ೭೬ರಷ್ಟು ಕಡಮೆಯಾಯಿತು. ಮೂತ್ರಪಿಂಡ ಮತ್ತು ನರಗಳಿಗೂ ಸ್ಪಷ್ಟವಾದ ಲಾಭ ದೊರೆಯಿತು. ಸಣ್ಣ ನಾಳಗಳ ಮಟ್ಟಿಗೆ ಜಾಸ್ಲಿನ್ನರ ಮಾತೇ ನಿಜವಾಯಿತು. ಅದನ್ನು ನೋಡಲು ಅವರು ಬದುಕಿರಲಿಲ್ಲ, ೧೯೬೨ರಲ್ಲಿ ತೀರಿಕೊಂಡಿದ್ದರು.

ವಯಸ್ಕರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯ ಮಧುಮೇಹವನ್ನು ಕುರಿತು ಆಕ್ಸ್‌ಫರ್ಡಿನ ರಾಬರ್ಟ್ ಟರ್ನರ್ ಅವರ ನೇತೃತ್ವದಲ್ಲಿ ೧೯೭೭ರಲ್ಲಿ ಆರಂಭವಾದ ಬ್ರಿಟಿಷ್ ಪರೀಕ್ಷೆಯು ೨೦ ವರ್ಷ ನಡೆದು ೧೯೯೮ರಲ್ಲಿ ಫಲ ಪ್ರಕಟಿಸಿತು. ೫,೧೦೨ ರೋಗಿಗಳು ಅದರಲ್ಲಿ ಸೇರಿದ್ದರು. ಬಿಗಿಯಾದ ಹತೋಟಿಯಿಂದ ಸಣ್ಣ ನಾಳಗಳ ಕೇಡು ಶೇಕಡ ೨೫ರಷ್ಟು ತಗ್ಗಿತು. ಹೃದಯಾಘಾತವು ಶೇಕಡ ೧೬ರಷ್ಟು ತಗ್ಗಿದಂತೆ ಕಂಡರೂ ಅದು ಆಕಸ್ಮಿಕವಲ್ಲವೆಂದು ನಿಶ್ಚಯವಾಗಿ ಹೇಳುವಷ್ಟು ಬಲ ಆ ಲೆಕ್ಕಕ್ಕಿರಲಿಲ್ಲ. ಆದರೆ ಸ್ಥೂಲಕಾಯರಾದ ೩೪೨ ಮಂದಿಗೆ ಕೊಟ್ಟ ಮೆಟ್‌ಫಾರ್ಮಿನ್ ಹೃದಯಾಘಾತವನ್ನು ಶೇಕಡ ೩೯ರಷ್ಟೂ ಒಟ್ಟು ಮರಣವನ್ನು ಶೇಕಡ ೩೬ರಷ್ಟೂ ಕಡಮೆ ಮಾಡಿತು. ಅದು ಸಕ್ಕರೆಯನ್ನು ಇತರ ಔಷಧಗಳಿಗಿಂತ ಹೆಚ್ಚಾಗಿ ಇಳಿಸಿರಲಿಲ್ಲ. ಅಂಕಿಯು ಸಮವಾಗಿದ್ದು ಫಲವು ಭಿನ್ನವಾದ ಮೇಲೆ, ಔಷಧದ ಗುಣವನ್ನು ಅಂಕಿಯೊಂದರಿಂದಲೇ ಅಳೆಯಲಾಗದೆಂಬುದು ಸ್ಪಷ್ಟವಾಯಿತು.

ಹಾಗಾದರೆ ಸಕ್ಕರೆಯನ್ನು ಇನ್ನೂ ಇಳಿಸಿದರೆ ದೊಡ್ಡ ನಾಳಗಳೂ ಉಳಿಯಬಹುದಲ್ಲವೇ? ಈ ತರ್ಕವನ್ನು ಪರೀಕ್ಷಿಸಲು ಅಮೆರಿಕ ಮತ್ತು ಕೆನಡಾಗಳಲ್ಲಿ ೧೦,೨೫೧ ರೋಗಿಗಳ ಮೇಲೆ ನಡೆದ ಪರೀಕ್ಷೆಯನ್ನು ೨೦೦೮ರ ಫೆಬ್ರವರಿಯಲ್ಲಿ ಅರ್ಧಕ್ಕೆ ತಡೆಯಬೇಕಾಯಿತು. ಅತಿಬಿಗಿಯ ಚಿಕಿತ್ಸೆಯ ಗುಂಪಿನಲ್ಲಿ ೨೫೭ ಮಂದಿಯೂ ಸಾಮಾನ್ಯ ಗುಂಪಿನಲ್ಲಿ ೨೦೩ ಮಂದಿಯೂ ಮೃತರಾಗಿದ್ದರು. ವಯಸ್ಸಾದ, ನಾಳಗಳು ಮೊದಲೇ ಕೆಟ್ಟ ರೋಗಿಗೆ ಅತಿಯಾದ ಆತುರವು ಹಿತವಲ್ಲವೆಂದು ಇದರಿಂದ ತಿಳಿಯಿತು. ಆರಂಭದಲ್ಲಿಯೇ ದೊರೆತ ಹತೋಟಿಯ ಫಲ ಮಾತ್ರ ಬಹುಕಾಲ ಉಳಿಯುವಂಥದು. ೧೯೯೩ರ ಪರೀಕ್ಷೆಯ ರೋಗಿಗಳನ್ನು ಗಮನಿಸುತ್ತಲೇ ಬಂದವರು, ಬಿಗಿ ಚಿಕಿತ್ಸೆ ಪಡೆದಿದ್ದವರಲ್ಲಿ ಹೃದಯ ಮತ್ತು ನಾಳಗಳ ಆಘಾತಗಳು ಶೇಕಡ ೪೨ರಷ್ಟು ಕಡಮೆಯಾದುದನ್ನು ೨೦೦೫ರಲ್ಲಿ ವರದಿ ಮಾಡಿದರು.

೬. ಸಕ್ಕರೆಯನ್ನು ಮುಟ್ಟದ ರಕ್ಷಕರು

ನಾಳರಕ್ಷಣೆಯ ಬಹುದೊಡ್ಡ ಭಾಗವು ಸಕ್ಕರೆಯೊಡನೆ ಸಂಬಂಧವಿಲ್ಲದ ಔಷಧಗಳಿಂದ ಬಂದಿತು. ಬ್ರೆಜಿಲ್ ದೇಶದ ಜರರಾಕಾ ಎಂಬ ಮಂಡಲದ ಜಾತಿಯ ಹಾವಿನ ವಿಷದಲ್ಲಿ ರಕ್ತದೊತ್ತಡವನ್ನು ಪ್ರಭಾವಿಸುವ ಅಂಶವಿರುವುದನ್ನು ಸೆರ್ಜಿಯೊ ಫೆರೇರಾ ೧೯೬೫ರಲ್ಲಿ ವರದಿ ಮಾಡಿದ್ದರು. ಅದೇ ಸುಳಿವನ್ನು ಹಿಡಿದು ಅಮೆರಿಕದ ಕುಶ್‌ಮನ್ ಮತ್ತು ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ಎಂಬ ಔಷಧವನ್ನು ನಿರ್ಮಿಸಿದರು. ಈ ಮಧ್ಯೆ ಡೆನ್ಮಾರ್ಕಿನ ಮೋಗೆನ್ಸನ್ ಮತ್ತು ಪಾರ್ವಿಂಗ್, ರಕ್ತದೊತ್ತಡವನ್ನು ಇಳಿಸಿದರೆ ಮಧುಮೇಹಿಗಳ ಮೂತ್ರಪಿಂಡವು ಕೆಡುವ ವೇಗ ತಗ್ಗುವುದೆಂದು ತೋರಿಸಿದ್ದರು. ೧೯೯೩ರಲ್ಲಿ ೪೦೯ ಮಧುಮೇಹಿಗಳ ಮೇಲೆ ನಡೆದ ಪರೀಕ್ಷೆಯು, ಮರಣ, ಯಂತ್ರದಿಂದ ರಕ್ತಶುದ್ಧಿ, ಮೂತ್ರಪಿಂಡದ ಕಸಿ ಈ ಮೂರೂ ಸೇರಿದ ಅಪಾಯವನ್ನು ಕ್ಯಾಪ್ಟೊಪ್ರಿಲ್ ಅರ್ಧದಷ್ಟು ಕಡಮೆ ಮಾಡುವುದೆಂದು ಸ್ಥಾಪಿಸಿತು. ಅದೇ ವಂಶದ ರಾಮಿಪ್ರಿಲ್ ಪಡೆದ ಮಧುಮೇಹಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯಸಂಬಂಧದ ಮರಣಗಳು ಒಟ್ಟಿನಲ್ಲಿ ಶೇಕಡ ೨೫ರಷ್ಟು ತಗ್ಗಿದುದನ್ನು ೨೦೦೦ದಲ್ಲಿ ಕೆನಡಾದಿಂದ ಸಲೀಂ ಯೂಸುಫ್ ಮತ್ತು ಸಂಗಡಿಗರು ವರದಿ ಮಾಡಿದರು. ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿದವರು.

ಕೊಲೆಸ್ಟರಾಲಿನ ಕಥೆಯೂ ಹೀಗೆಯೇ. ಜಪಾನಿನ ಅಕಿರಾ ಎಂಡೊ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿ, ಯಕೃತ್ತಿನಲ್ಲಿ ಕೊಲೆಸ್ಟರಾಲ್ ಉತ್ಪತ್ತಿಯನ್ನು ತಡೆಯುವ ವಸ್ತುವನ್ನು ೧೯೭೩ರಲ್ಲಿ ಕಂಡುಕೊಂಡರು. ಸ್ಟಾಟಿನ್ ವಂಶದ ಮೊದಲ ಔಷಧವು ೧೯೮೭ರಲ್ಲಿ ಅಮೆರಿಕದಲ್ಲಿ ಮಾನ್ಯವಾಯಿತು. ಹೃದ್ರೋಗದ ಪೂರ್ವಚರಿತ್ರೆಯಿಲ್ಲದ ೨,೮೩೮ ಮಧುಮೇಹಿಗಳಲ್ಲಿ ಅಟೋರ್ವಸ್ಟಾಟಿನ್ ಪರೀಕ್ಷಿಸಿದಾಗ ಪ್ರಮುಖ ಆಘಾತಗಳು ಶೇಕಡ ೩೭ರಷ್ಟು ಕಡಮೆಯಾದವು. ಲಾಭವು ಇಷ್ಟು ಸ್ಪಷ್ಟವಾಗಿದ್ದುದರಿಂದ ಪರೀಕ್ಷೆಯನ್ನು ಗೊತ್ತಾದ ಕಾಲಕ್ಕಿಂತ ಮೊದಲೇ ಮುಗಿಸಿ ೨೦೦೪ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು.

ಇವೆಲ್ಲವನ್ನೂ ಒಟ್ಟಿಗೆ ಅನ್ವಯಿಸಿದರೆ ಏನಾಗುವುದೆಂಬುದನ್ನು ತೋರಿಸಿದವರು ಡೆನ್ಮಾರ್ಕಿನವರೇ. ಮೂತ್ರದಲ್ಲಿ ಪ್ರೋಟೀನು ಸೋರಲು ಆರಂಭವಾಗಿದ್ದ ೧೬೦ ಮಧುಮೇಹಿಗಳಲ್ಲಿ ಅರ್ಧ ಮಂದಿಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಮೂರನ್ನೂ ಹತೋಟಿಯಲ್ಲಿಡುವ ಚಿಕಿತ್ಸೆಯೊಡನೆ ಪಥ್ಯ, ವ್ಯಾಯಾಮಗಳನ್ನೂ ವಿಧಿಸಲಾಯಿತು. ಸುಮಾರು ೧೩ ವರ್ಷಗಳ ನಂತರ, ೨೦೦೮ರ ವರದಿಯಂತೆ, ಸಾಮಾನ್ಯ ಚಿಕಿತ್ಸೆಯ ೮೦ ಮಂದಿಯಲ್ಲಿ ೪೦ ಮಂದಿ ತೀರಿಕೊಂಡಿದ್ದರು. ಸಮಗ್ರ ಚಿಕಿತ್ಸೆಯ ೮೦ ಮಂದಿಯಲ್ಲಿ ೨೪ ಮಂದಿ.

ಹಲವು ಔಷಧಗಳನ್ನು ದಿನವೂ ಬೇರೆ ಬೇರೆಯಾಗಿ ಕೊಂಡು ನುಂಗುವುದು ನಮ್ಮ ದೇಶದಲ್ಲಿ ಅನೇಕರಿಗೆ ಸಾಧ್ಯವಾಗದು. ಆದುದರಿಂದ ಇವನ್ನು ಒಂದೇ ಗುಳಿಗೆಯಲ್ಲಿ ಕೂಡಿಸುವ ಯತ್ನಕ್ಕೆ ವಿಶೇಷ ಮಹತ್ತ್ವವುಂಟು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವಿದ್ವಾಂಸರು ಮುಂದಾಗಿ, ಭಾರತದ ೫೦ ಕೇಂದ್ರಗಳಲ್ಲಿ ೨,೦೫೩ ಮಂದಿಯ ಮೇಲೆ ನಡೆಸಿದ ಇಂಥ ಸಂಯುಕ್ತ ಗುಳಿಗೆಯ ಪರೀಕ್ಷೆ ೨೦೦೯ರಲ್ಲಿ ಪ್ರಕಟವಾಯಿತು. ಇದರಲ್ಲಿ ಸೇರಿದವರೆಲ್ಲರೂ ಮಧುಮೇಹಿಗಳಲ್ಲದಿದ್ದರೂ ನಾಳದ ಕೇಡಿಗೆ ಕಾರಣವಾಗುವ ಒಂದಲ್ಲ ಒಂದು ದೋಷವುಳ್ಳವರಾಗಿದ್ದರು.

೭. ತಿರುವು

೧೯೯೯ರಲ್ಲಿ ಬಳಕೆಗೆ ಬಂದ ರೋಸಿಗ್ಲಿಟಜೋನ್ ಸಕ್ಕರೆಯನ್ನು ಚೆನ್ನಾಗಿ ಇಳಿಸುತ್ತಿತ್ತು. ೨೦೦೭ರಲ್ಲಿ ಸ್ಟೀವನ್ ನಿಸ್ಸೆನ್ ಮತ್ತು ಕ್ಯಾಥಿ ವೊಲ್ಸ್ಕಿ ೪೨ ಪರೀಕ್ಷೆಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ, ಅದು ಹೃದಯಾಘಾತದ ಸಂಭವವನ್ನು ಶೇಕಡ ೪೩ರಷ್ಟು ಹೆಚ್ಚಿಸುವಂತೆ ಕಾಣುವುದೆಂದರು. ೨೦೧೦ರಲ್ಲಿ ಯುರೋಪು ಮತ್ತು ಭಾರತ ಅದನ್ನು ನಿಲ್ಲಿಸಿದವು. ಅಮೆರಿಕವು ವಿಧಿಸಿದ್ದ ನಿರ್ಬಂಧಗಳನ್ನು ಮರುಪರಿಶೀಲನೆಯ ನಂತರ ೨೦೧೩ರಲ್ಲಿ ಸಡಿಲಿಸಿತು. ಔಷಧದ ದೋಷದ ಪ್ರಮಾಣವೆಷ್ಟೆಂಬ ಚರ್ಚೆಗಿಂತ ಅದರಿಂದ ಹುಟ್ಟಿದ ನಿಯಮವೇ ಚರಿತ್ರೆಗೆ ಮುಖ್ಯ. ಹೊಸ ಮಧುಮೇಹ ಔಷಧವು ಸಕ್ಕರೆಯನ್ನು ಇಳಿಸಿದರೆ ಸಾಲದು, ಹೃದಯಕ್ಕೆ ಅಪಾಯ ತರುವುದಿಲ್ಲವೆಂಬುದನ್ನೂ ತೋರಿಸಬೇಕೆಂದು ಅಮೆರಿಕದ ನಿಯಂತ್ರಣ ಇಲಾಖೆ ೨೦೦೮ರಲ್ಲಿ ಸೂಚಿಸಿತು. ೧೯೭೦ರಲ್ಲಿ ಕೆಲವು ಅಧ್ಯಾಪಕರು ಸ್ವಂತ ಬುದ್ಧಿಯಿಂದ ಕೇಳಿ ಬೈಸ್ಕೊಂಡ ಪ್ರಶ್ನೆಯನ್ನು ೩೮ ವರ್ಷಗಳ ತರುವಾಯ ಎಲ್ಲರೂ ಕೇಳಲೇಬೇಕಾಯಿತು.

ಅಪಾಯವಿಲ್ಲವೆಂದು ತೋರಿಸಲು ನಡೆದ ಈ ಪರೀಕ್ಷೆಗಳಿಂದಲೇ ರಕ್ಷಣೆಯ ಪ್ರಮಾಣವೂ ದೊರೆಯಿತು. ಸೇಬಿನ ಮರದ ಬೇರಿನ ತೊಗಟೆಯಿಂದ ೧೮೩೫ರಲ್ಲಿ ಬೇರ್ಪಡಿಸಿದ ಫ್ಲೋರಿಜಿನ್ ಎಂಬ ವಸ್ತುವು ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕಿಸುವುದೆಂದು ವಾನ್ ಮೇರಿಂಗ್ ೧೮೮೬ರಲ್ಲಿ ಕಂಡಿದ್ದರು. ಆ ತತ್ತ್ವವನ್ನೇ ಅನುಸರಿಸಿ ನಿರ್ಮಿಸಿದ ಎಂಪಾಗ್ಲಿಫ್ಲೋಜಿನ್ ಔಷಧವು, ಹೃದಯ ಮತ್ತು ನಾಳಗಳ ರೋಗವಿದ್ದ ೭,೦೨೦ ಮಧುಮೇಹಿಗಳ ಪರೀಕ್ಷೆಯಲ್ಲಿ, ಆ ಕಾರಣದ ಮರಣಗಳನ್ನು ಶೇಕಡ ೩೮ರಷ್ಟು ತಗ್ಗಿಸಿತೆಂದು ೨೦೧೫ರಲ್ಲಿ ತಿಳಿದುಬಂದಿತು. ಲಾಭವು ಕೆಲವೇ ತಿಂಗಳುಗಳಲ್ಲಿ ಕಾಣತೊಡಗಿತ್ತು. ಸಕ್ಕರೆಯ ಅಲ್ಪ ಇಳಿತದಿಂದ ಅಷ್ಟು ಬೇಗ ಇಷ್ಟು ಫಲ ಬರಲಾರದು. ಅದೇ ವಂಶದ ಡಪಾಗ್ಲಿಫ್ಲೋಜಿನ್ ಮಧುಮೇಹವೇ ಇಲ್ಲದ ಹೃದಯವೈಫಲ್ಯದ ರೋಗಿಗಳಿಗೂ ಹಿತಕರವೆಂದು ೨೦೧೯ರಲ್ಲಿ ಸಿದ್ಧವಾದಾಗ ಈ ಸಂದೇಹ ಪೂರ್ಣವಾಗಿ ಪರಿಹಾರವಾಯಿತು. ಕರುಳಿನ ಹಾರ್ಮೋನನ್ನು ಅನುಕರಿಸುವ ಲಿರಾಗ್ಲುಟೈಡ್ ಕೂಡ ೯,೩೪೦ ಮಂದಿಯ ಪರೀಕ್ಷೆಯಲ್ಲಿ ಪ್ರಮುಖ ಆಘಾತಗಳನ್ನು ಶೇಕಡ ೧೩ರಷ್ಟು ಕಡಮೆ ಮಾಡಿತೆಂದು ೨೦೧೬ರ ವರದಿ ಹೇಳಿತು.

೮. ಉಪಸಂಹಾರ

ಈ ಚರಿತ್ರೆಯಿಂದ ಮೂರು ಸಂಗತಿಗಳು ಹೊರಪಡುತ್ತವೆಂದು ನಾವು ಭಾವಿಸುತ್ತೇವೆ. ಮೊದಲನೆಯದಾಗಿ, ಸಣ್ಣ ನಾಳಗಳೂ ದೊಡ್ಡ ನಾಳಗಳೂ ಒಂದೇ ನಿಯಮಕ್ಕೆ ಒಳಪಟ್ಟಿಲ್ಲ. ಸಕ್ಕರೆಯ ಹತೋಟಿಯಿಂದ ಕಣ್ಣಿನ ಲೋಮನಾಳವು ಬಹುಮಟ್ಟಿಗೆ ಉಳಿಯುತ್ತದೆ. ಹೃದಯದ ಧಮನಿಗೆ ಅದರ ಜೊತೆಗೆ ಬೇರೆ ರಕ್ಷೆಗಳೂ ಬೇಕು. ಎರಡನೆಯದಾಗಿ, ಕಾಲವು ಈ ವಿಷಯದಲ್ಲಿ ಔಷಧದಷ್ಟೇ ಮುಖ್ಯವಾದುದು. ಬೇಗನೆ ದೊರೆತ ಹತೋಟಿಯ ಫಲ ದಶಕಗಳವರೆಗೆ ಬಾಳುತ್ತದೆ. ತಡವಾಗಿ ಬಂದ ಆತುರವು ಕೇಡಿಗೂ ಕಾರಣವಾಗಬಲ್ಲದು. ಮೂರನೆಯದಾಗಿ, ಹಾನಿಯ ಮಾರ್ಗವನ್ನು ಬಲ್ಲೆವೆಂಬ ನಂಬಿಕೆಯಿಂದ ಹೊರಟ ಸಾರ್ಬಿನಿಲ್ ಸೋತಿತು. ಮಾರ್ಗವು ಪೂರ್ಣವಾಗಿ ತಿಳಿಯದಿದ್ದರೂ ಎಂಪಾಗ್ಲಿಫ್ಲೋಜಿನ್ ಗೆದ್ದಿತು. ಸಿದ್ಧಾಂತವು ದಾರಿ ತೋರಬಹುದು; ತೀರ್ಪು ಕೊಡುವುದು ದೀರ್ಘಕಾಲದ ಪರೀಕ್ಷೆ ಮಾತ್ರ.

ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು ೧೦.೧ ಕೋಟಿಯೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯು ಅಂದಾಜು ಮಾಡಿತು. ಮೆಟ್‌ಫಾರ್ಮಿನ್, ರಾಮಿಪ್ರಿಲ್, ಅಟೋರ್ವಸ್ಟಾಟಿನ್ ಇವು ಪೇಟೆಂಟಿನ ಹಂಗಿಲ್ಲದ ಔಷಧಗಳು. ಡಪಾಗ್ಲಿಫ್ಲೋಜಿನ್ ೨೦೨೦ರಲ್ಲಿಯೂ ಎಂಪಾಗ್ಲಿಫ್ಲೋಜಿನ್ ೨೦೨೫ರಲ್ಲಿಯೂ ನಮ್ಮ ದೇಶದಲ್ಲಿ ಆ ಬಂಧನದಿಂದ ಬಿಡುಗಡೆ ಹೊಂದಿ ಬೆಲೆ ಇಳಿದಿವೆ. ಹೀಗಿರಲು, ರಕ್ಷಣೆಯ ಸಾಮಗ್ರಿಯು ಇಂದು ಕೈಗೆಟುಕದ ವಸ್ತುವಲ್ಲ. ಆದರೆ ಮೇಲೆ ವಿವರಿಸಿದ ಪ್ರಮಾಣಗಳಲ್ಲಿ ಹೆಚ್ಚಿನವು ಯುರೋಪು ಮತ್ತು ಅಮೆರಿಕಗಳ ರೋಗಿಗಳಿಂದ ದೊರೆತವು. ಕಿರಿಯ ವಯಸ್ಸಿನಲ್ಲಿ, ಕಡಮೆ ತೂಕದಲ್ಲಿಯೇ ಮಧುಮೇಹಕ್ಕೆ ಒಳಗಾಗುವ ನಮ್ಮ ಜನರಲ್ಲಿ ಯಾವ ಔಷಧ, ಯಾವ ಕಾಲದಲ್ಲಿ, ಎಷ್ಟು ರಕ್ಷಣೆ ಕೊಡುವುದೆಂಬುದನ್ನು ನಮ್ಮಲ್ಲಿಯೇ ಇಪ್ಪತ್ತು ವರ್ಷ ತಾಳ್ಮೆಯಿಂದ ಪರೀಕ್ಷಿಸಿ ನೋಡಬೇಕಾಗಿದೆ. ಆ ಕೆಲಸಕ್ಕೆ ವೈದ್ಯರೊಡನೆ ಸಂಖ್ಯಾಶಾಸ್ತ್ರಜ್ಞರೂ ಜೀವರಸಾಯನಜ್ಞರೂ ಸಮಾಜವಿಜ್ಞಾನಿಗಳೂ ಬೇಕು. ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಅದರಲ್ಲಿ ಪಾಲ್ಗೊಳ್ಳುವರೆಂದು ಆಶಿಸುತ್ತೇವೆ.